ವಾರಸುದಾರರಿಲ್ಲದ ಷೆವರ್ಲೆ

೧೩-೧-೨೦೦೩, ಸೋಮವಾರ

ಕಾರ್ಬುರೇಟರ್ ಮೂರನೇ ದಿನವೂ ಸೀಮೆಎಣ್ಣೆಯಲ್ಲೇ ಇದೆ. ಫ್ಲೋಟಿನ ಪಿನ್ನು ಅಲುಗುತ್ತಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ. ಜಿಡ್ಡು ಹೋಗಿ ಕಂಪನಿಯ ಹೆಸರು ಕಂಡಿತು. ಐವತ್ತಾರು ವರ್ಷದ ಅಕ್ಷರ, ಇನ್ನೂ ಸ್ಪಷ್ಟ. ನಮ್ಮ ಬೀದಿಯ ತುದಿಯಲ್ಲಿ ಹೋದ ಯುಗಾದಿಗೆ ನೆಟ್ಟ ಬೋರ್ಡು ಈಗಲೇ ಓದಲು ಬರುವುದಿಲ್ಲ. ಪತ್ರಿಕೆಗೆ ಬರೆದೆ. ಹಾಕಲಿಲ್ಲ. ಮತ್ತೆ ಬರೆಯುತ್ತೇನೆ.

ಸುವರ್ಣ ಹಿತ್ತಿಲ ಬಾಗಿಲಲ್ಲಿ ನಿಂತು, "ಎಳ್ಳು ಬೀರೋಕೆ ಬರೋರಿಗೆಲ್ಲ ಎಳ್ಳಿನ ಜೊತೆ ಸೀಮೆಎಣ್ಣೆ ವಾಸನೇನೂ ಪೊಟ್ಟಣ ಕಟ್ಟಿ ಕೊಡ್ತೀನಿ" ಅಂದಳು. ಆಮೇಲೆ ಬಗ್ಗಿ ನೋಡಿ, "ಇದು ನನ್ನ ಹುಳಿ ಪಾತ್ರೆ ಅಲ್ವೇನ್ರೀ?"

ಹೌದು. ಇನ್ನಷ್ಟು ಉಜ್ಜಿದೆ.

ಈ ಕಾರ್ಬುರೇಟರ್ ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿದ್ದು. ನಮ್ಮ ಗಾಡಿಯದ್ದೇ ಅಲ್ಲ, ಅದೇ ಜಾತಿಯದ್ದು. ನಮ್ಮದು ೧೯೪೭ರ ಷೆವರ್ಲೆ. ಸದ್ಯಕ್ಕೆ ಬರೀ ಚಿಪ್ಪು. ಹೋದ ವರ್ಷ ಬಸ್ತಿಹಳ್ಳಿಯ ಬಸದಿ ನೋಡಲು ಹೋದವನಿಗೆ ಪಕ್ಕದ ತೋಟದಲ್ಲಿ ಕಂಡಿತು — ಕಾವಲುಗಾರ ಅದರೊಳಗೆ ಚಾಪೆ ಹಾಸಿಕೊಂಡು ಮಲಗಿದ್ದ. ಬಾನೆಟ್ಟಿನ ಮೂಗಿನಲ್ಲಿ ಒಂದು ತಗ್ಗು. ೧೯೬೮ರಲ್ಲಿ ಅರಸೀಕೆರೆ ಸ್ಟೇಷನ್ ಮುಂದೆ ಎಮ್ಮೆ ಗುದ್ದಿದ ತಗ್ಗು. ನಾನು ಕಣ್ಣಾರೆ ನೋಡಿದ್ದೆ. ಮರುವಾರವೇ ಲಾರಿ ಮಾಡಿಕೊಂಡು ಹೋಗಿ ತಂದೆ. ಈಗ ತಿಮ್ಮೇಶನ ಗ್ಯಾರೇಜಿನ ಹಿಂದೆ ನಾಲ್ಕು ಕಲ್ಲಿನ ಮೇಲೆ ನಿಂತಿದೆ. ಇಂಜಿನ್ ಇಲ್ಲ, ಗಾಲಿ ಇಲ್ಲ, ಸೀಟಿಲ್ಲ.

ನಾಡಿದ್ದು ನಂಜಪ್ಪನವರನ್ನು ಕರೆತರಬೇಕು.

೧೫-೧, ಬುಧವಾರ

ಕರೆತಂದೆ. ಆಟೋದಲ್ಲಿ. ನಂಜಪ್ಪನವರಿಗೆ ಎಪ್ಪತ್ತೇಳು. ಐದು ವರ್ಷದಿಂದ ಕಣ್ಣು ಪೂರ್ತಿ ಹೋಗಿದೆ. ಅರಸೀಕೆರೆ ಸ್ಟೇಷನ್ನಿಗೆ ಬಂದಿಳಿದ ಟೂರಿಸ್ಟರನ್ನು ಹಳೇಬೀಡು, ಬೇಲೂರಿಗೆ ಇಪ್ಪತ್ತೆರಡು ವರ್ಷ ಇದೇ ಗಾಡಿಯಲ್ಲಿ ಹೊತ್ತವರು. ಗಾಡಿ ಅವರದ್ದು. ಓಡಿಸುವ ಕೈಯೂ ಅವರದ್ದು.

ಗಾಡಿಯ ಸುತ್ತ ಒಂದು ಸುತ್ತು ಬಂದರು, ತಗಡಿನ ಮೇಲಿಂದ ಅಂಗೈ ಎತ್ತದೆ. ಎಡಗಡೆ ಹಿಂದಿನ ಬಾಗಿಲಿಗೆ ಬಂದು ನಿಂತರು.

"ಬಾನೆಟ್ಟು ನಂದೇಯ. ಈ ಬಾಗ್ಲು ನಂದಲ್ಲ. ಯಾರೋ ಬ್ಯಾರೆ ಗಾಡೀದು ತಂದು ಸಿಗ್ಸವ್ರೆ."

ತಿಮ್ಮೇಶ ನಕ್ಕ. "ಅಜ್ಜ, ನಿಮ್ಗೆ ಕಣ್ ಕಾಣಾಕಿಲ್ಲ ಅಂದೋರ್ಯಾರು?"

"ಕಣ್ ಕಂಡಿದ್ರೆ ನಿನ್ ಗ್ಯಾರೇಜಿಗೆ ಬತ್ತಿದ್ನೇನ್ಲಾ?"

ನಾನು ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತನಾಗಿದ್ದವನು, ಅವರ ಬಾಯಲ್ಲಿ ಇನ್ನೂ ಅದೇ ಹೆಸರು. ನನ್ನ ಕಡೆ ತಿರುಗಿ, "ಪಾರ್ಸಲ್ನೋರೇ, ಹ್ಯಾಂಡ್ಲು ನಮ್ಮನೇಲೈತೆ" ಅಂದರು. ಇಂಜಿನ್ ಕೈಯಲ್ಲಿ ತಿರುಗಿಸಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್. ಬೇರೆ ಯಾರೂ ಗಾಡಿ ಮುಟ್ಟಬಾರದೆಂದು ರಾತ್ರಿ ಅದನ್ನು ಮನೆಗೆ ಒಯ್ಯುತ್ತಿದ್ದರಂತೆ. ಗಾಡಿ ಹೋಯಿತು, ಅದು ಉಳಿಯಿತು. ಇಪ್ಪತ್ತಾರು ವರ್ಷದಿಂದ ಪ್ರತಿ ಆಯುಧಪೂಜೆಗೂ ಮಣೆಯ ಮೇಲೆ ಹ್ಯಾಂಡಲ್ ಒಂದನ್ನೇ ಇಟ್ಟು ಕುಂಕುಮ ಹಚ್ಚುತ್ತಾರೆ.

"ನಿಮಗ್ಯಾಕೆ ಸ್ವಾಮಿ ಇದ್ರ ಉಚ್ಚು?" ಅಂತಲೂ ಕೇಳಿದರು.

"ಹಳೇದರ ಮೇಲೆ ಆಸೆ" ಅಂದೆ.

೧೬-೧, ಗುರುವಾರ

ಇವತ್ತು ಬರೆದುಬಿಡಬೇಕು. ಮೂವತ್ತು ವರ್ಷದಿಂದ ಡೈರಿ ಬರೆಯುತ್ತಿದ್ದೇನೆ. ಇದೊಂದನ್ನು ಬರೆದಿಲ್ಲ. ೧೯೭೭ರ ಪುಸ್ತಕದಲ್ಲಿ ಆ ಪುಟ ಖಾಲಿ ಇದೆ.

ಆ ವರ್ಷ ಜೂನ್. ನಂಜಪ್ಪನವರು ಕಾಲು ಮುರಿದುಕೊಂಡು ಎರಡು ತಿಂಗಳು ಆಸ್ಪತ್ರೆಯಲ್ಲಿ. ಗಾಡಿ ಸ್ಟೇಷನ್ ಮುಂದೆ ಮರದ ಕೆಳಗೆ ನಿಂತಿತ್ತು. ಟ್ಯಾಕ್ಸಿ ಸ್ಟ್ಯಾಂಡಿನ ಕಂಟ್ರಾಕ್ಟರು ಕಲ್ಲೇಶಪ್ಪನಿಗೆ ಆ ಜಾಗ ಬೇಕಾಗಿತ್ತು, ಹೊಸ ಅಂಬಾಸಡರ್ ನಿಲ್ಲಿಸಲು. ಒಂದು ಮಹಜರು ಬರೆಸಿದ. "ವಾರಸುದಾರರಿಲ್ಲದ, ಓಡಲು ಯೋಗ್ಯವಲ್ಲದ ಗುಜರಿ ವಾಹನ" ಅಂತ ಅದರಲ್ಲಿತ್ತೆಂದು ಆಮೇಲೆ ಕೇಳಿ ತಿಳಿದದ್ದು. ಮಹಜರಿಗೆ ಪಂಚರ ಸಹಿ ಬೇಕು, ಇಬ್ಬರದು. ಮೊದಲನೆಯದು ಟೀ ಅಂಗಡಿ ಕೃಷ್ಣಪ್ಪನದು. ಎರಡನೆಯದು ನನ್ನದು.

ಪಾರ್ಸೆಲ್ ಕಿಟಕಿಯಲ್ಲಿ ಕಾಗದ ತೂರಿಸಿ, "ಒಂದು ಸಹಿ ಸ್ವಾಮಿ, ಪಂಚರು ಬೇಕು" ಅಂದ. ಗೊತ್ತಿರುವ ಮನುಷ್ಯ. ದಿನಾ ನಮಸ್ಕಾರ ಹೇಳುವವನು. ಮುಂದೆ ರೈಲಿನ ಪಾರ್ಸೆಲ್ ರಾಶಿ. ನಮ್ಮಲ್ಲಿ ಪಂಚರ ಸಹಿ ಹೀಗೇ ಆಗುತ್ತದೆ. ದಾರಿಯಲ್ಲಿ ಹೋಗುವವರನ್ನು ಕರೆದು ಹಾಕಿಸುತ್ತಾರೆ, ಹಾಕುತ್ತೇವೆ. ಹಾಕಿದೆ. ಬೋಂಡ ಕಟ್ಟಿದ ಕಾಗದವನ್ನೂ ಬಿಡಿಸಿ ಓದುವವನು ನಾನು. ಅದನ್ನು ಓದಲಿಲ್ಲ.

ನಾಲ್ಕು ದಿನಕ್ಕೆ ಸ್ಪ್ಯಾನರ್ ಹಿಡಿದು ಜನ ಬಂದರು. ಕಿಟಕಿಯಿಂದಲೇ ನೋಡಿದೆ. ಸಂಜೆಗೆ ಮರದ ಕೆಳಗೆ ಎಣ್ಣೆಯ ಕಲೆ ಮಾತ್ರ. ಗಾಡಿಯ ಆರ್‌ಸಿ ಪುಸ್ತಕವೂ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇತ್ತು, ಜೊತೆಗೆ ಹೋಯಿತು.

ಆಗಸ್ಟಿನಲ್ಲಿ ನಂಜಪ್ಪನವರು ಊರುಗೋಲಿನಲ್ಲಿ ಬಂದರು. ಆ ಕಲೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕಿಟಕಿಗೆ. "ಸ್ವಾಮಿ, ಗಾಡಿ ಯಾರ್ ಒಯ್ದ್ರು?"

"ಗೊತ್ತಿಲ್ಲ" ಅಂದೆ.

ಹದಿನೈದು ವರ್ಷ ಬೇರೆಯವರ ಲಾರಿ ಓಡಿಸಿದರು.

ಊರಿನವರ ಎಲ್ಲ ತಪ್ಪಿಗೂ ಪತ್ರಿಕೆಗೆ ಕಾಗದ ಬರೆದವನು ನಾನು. ಸಾಕು. ಈ ಗಾಡಿ ಓಡಬೇಕು. ಅದರ ಹಳೇ ನಂಬರಿನಲ್ಲೇ ಓಡಬೇಕು. ಪುಸ್ತಕದಲ್ಲಿ ನಂಜಪ್ಪ ಅಂತಲೇ ಇರಬೇಕು.

೯-೨, ಭಾನುವಾರ

ಗಂಡಸಿ. ಇಂಜಿನ್ ಸಿಕ್ಕಿತು!

ಮೂರು ವಾರ ಕಲ್ಲೇಶಪ್ಪನ ಕಾಲದವರನ್ನೆಲ್ಲ ಕೇಳಿದ್ದರ ಫಲ. ಚಲುವಮ್ಮ ಎಂಬ ಹೆಂಗಸಿನ ತೆಂಗಿನ ತೋಟ. ಕರೆಂಟ್ ಬರುವವರೆಗೆ ಬಾವಿಗೆ ಇದೇ ಪಂಪು. ಗೋಣಿಚೀಲ ಹೊದ್ದು ಮನೆಯ ಮೂಲೆಯಲ್ಲಿ ಕುಳಿತಿದೆ, ಆರು ಸಿಲಿಂಡರಿನ ಅಮೆರಿಕದ ಇಂಜಿನ್ನು.

ನಂಜಪ್ಪನವರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಬ್ಲಾಕಿನ ಬಲಪಕ್ಕ ಕೈ ಹಾಕಿದರು. ಅಲ್ಲಿ ನಂಬರು ಒತ್ತಿರುತ್ತದೆ. ಹೆಬ್ಬೆರಳ ಉಗುರಿನಿಂದ ಒಂದೊಂದೇ ಅಂಕಿ ಕೆರೆದರು. "ನಾಲ್ಕು... ಒಂದು... ಏಳು..." ಆಮೇಲೆ ಕೈ ತೆಗೆಯಲಿಲ್ಲ.

"ಅವ್ವ, ಇದು ನಂದು."

ಚಲುವಮ್ಮ: "ನಿಂದಾದ್ರೆ ಇಪ್ಪತ್ತೈದ್ ವರ್ಸ ಎಲ್ ಓಗಿದ್ದೆ? ನಮ್ಮೆಜಮಾನ್ರು ಇದ್ರ ಸದ್ದು ಕೇಳ್ದೆ ನಿದ್ದೆ ಮಾಡ್ತಿರ್ನಿಲ್ಲ. ಈ ಮರ ಎಲ್ಲ ಇದ್ರ ನೀರ್ ಕುಡ್ದು ಬೆಳ್ದವೆ."

ನಾನು ಮಾತು ಶುರು ಮಾಡಿದೆ, ಇತಿಹಾಸ, ನ್ಯಾಯ, ಎಲ್ಲ. ಆಕೆ ಪೂರ್ತಿ ಕೇಳಲಿಲ್ಲ.

"ತಗೊಂಡ್ ಓಗಿ. ಆದ್ರೆ ಒಂದ್ ಮಾತು. ಕಾರಿನ್ ಇಂಜಿನ್ನು ತೋಟಕ್ಕೆ ನೀರ್ ಆಯಿಸ್ತು ಅಂದ್ರೆ ಇಲ್ಲಿ ಯಾರೂ ನಂಬಾಕಿಲ್ಲ, ನಂಗೇ ನಗ್ತಾರೆ. ರೆಡಿ ಆದ್ಮೇಲೆ ಮೊದ್ಲು ನಮ್ಮನೆ ಬಾಗ್ಲಿಗೆ ತರ್ಬೇಕು. ಕಾರಾಗಿ."

ನಂಜಪ್ಪನವರು ಆಕೆಯ ಅಂಗೈ ಹಿಡಿದು ಮಾತು ಕೊಟ್ಟರು.

೨-೩, ಭಾನುವಾರ

ಹಳೇಬೀಡು. ಹಿಂದಿನ ಎರಡು ಗಾಲಿ ಒಂದು ಟೈರ್ ಗಾಡಿಯಲ್ಲಿವೆ ಅಂತ ಸುದ್ದಿ ಇತ್ತು. ನಿಜ. ಕಬ್ಬಿಣದ ಡಿಸ್ಕಿನ ಮೇಲೆ ಕಂಪನಿಯ ಗುರುತು ಹಾಗೇ ಇದೆ. ರಾಗಿ ಹುಲ್ಲು ಹೇರಿಕೊಂಡು ಹೊರಟಿತ್ತು. ಗಾಡಿಯವನಿಗೆ ಜೀಪಿನ ಎರಡು ಒಳ್ಳೇ ಗಾಲಿ ಕೊಟ್ಟು ಬದಲಾಯಿಸಿಕೊಂಡೆವು. ತಿಮ್ಮೇಶ ಜ್ಯಾಕ್ ಹಾಕುವಾಗ ಎತ್ತುಗಳು ನಮ್ಮನ್ನೇ ನೋಡುತ್ತಿದ್ದವು.

ಕೆಲಸ ಮುಗಿಸಿ ದೇವಸ್ಥಾನದ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು. ಕೆರೆಯ ಗಾಳಿ. ಈಗ ಸುತ್ತ ಬೇಲಿ, ಬೋರ್ಡು, ಕಾವಲು. ನಾನು ಹುಡುಗನಾಗಿದ್ದಾಗ ಕೆತ್ತನೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದುದನ್ನು ನೋಡಿದ್ದೇನೆ. ಗುಜರಿ ಯಾವುದು, ಯಾವುದಲ್ಲ ಅಂತ ಯಾರೋ ಒಬ್ಬ ಕಾಗದದಲ್ಲಿ ಬರೆಯುವವರೆಗೆ ನಮಗೆ ಗೊತ್ತಾಗುವುದೇ ಇಲ್ಲ.

ತಿಮ್ಮೇಶ, "ಸಾರ್, ಕಡ್ಲೆಕಾಯಿ ಆರ್ತದೆ ತಿನ್ನಿ" ಅಂದ.

೨೧-೪, ಸೋಮವಾರ

ಏಳು ವಾರ ಬರೆಯಲಾಗಲಿಲ್ಲ. ಕೈಯಲ್ಲಿ ಯಾವಾಗಲೂ ಗ್ರೀಸು. ಮುಂದಿನ ಗಾಲಿಗಳು, ಸೀಟು ಬೆಂಗಳೂರಿನ ಗುಜರಿಯಲ್ಲೇ ಸಿಕ್ಕವು.

ಬೇರಿಂಗ್ ಕೆಲಸ ಮುಗಿಯಿತು. ಈಗಿನ ಇಂಜಿನ್ನಿನ ಹಾಗೆ ಅಂಗಡಿಯಿಂದ ತಂದು ಕೂರಿಸುವ ಬೇರಿಂಗ್ ಅಲ್ಲ. ವೈಟ್ ಮೆಟಲ್ ಕರಗಿಸಿ ಹೊಯ್ದು ಕೆರೆದು ಕೂರಿಸಬೇಕು. ಬೆಂಗಳೂರಿನಲ್ಲಿ ಎಲ್ಲ ಕಡೆ ಒಂದೇ ಮಾತು: "ಡೀಸೆಲ್ ಇಂಜಿನ್ ಹಾಕ್ಸಿಬಿಡಿ ಸಾರ್, ಜುಮ್ ಅಂತ ಓಡ್ತದೆ." ಹಾಗೆ ಮಾಡಿದರೆ ಅದು ಹಳೇ ಬಟ್ಟೆ ತೊಟ್ಟ ಬೇರೆ ಮನುಷ್ಯ. ಒಪ್ಪಲಿಲ್ಲ. ಕೊನೆಗೆ ಒಬ್ಬ ವಯಸ್ಸಾದ ಕುಶಲಕರ್ಮಿ ಸಿಕ್ಕಿದರು, ಮೂರು ವಾರ ತೆಗೆದುಕೊಂಡರು. ನಂಜಪ್ಪನವರು ಬೇರಿಂಗಿನ ಮೇಲೆ ನಾಲಿಗೆಯೊಂದನ್ನು ಬಿಟ್ಟು ಎಲ್ಲ ಆಡಿಸಿ ನೋಡಿ, "ಪರ್ವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದು ಸನ್ಮಾನ.

ಗೇರು ಸ್ಟೀರಿಂಗ್ ಪಕ್ಕದಲ್ಲೇ. ಅದಕ್ಕೊಂದು ವ್ಯಾಕ್ಯೂಮ್ ಡಬ್ಬಿ, ಗೇರ್ ಹಗುರವಾಗಿ ಬೀಳಲು. ಒಳಗಿನ ಚರ್ಮ ಪುಡಿಯಾಗಿತ್ತು. ಬಸ್‌ಸ್ಟ್ಯಾಂಡ್ ಮುಂದೆ ಚಪ್ಪಲಿ ಹೊಲೆಯುವ ಪುಟ್ಟಸ್ವಾಮಿ ಹೊಸದು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಕೊಟ್ಟ. ಒಂದೇ ಸಲಕ್ಕೆ ಸರಿಹೋಯಿತು. ಇಂಥ ಕೈಗಳು ಊರಿನಲ್ಲಿವೆ. ಯಾರೂ ಕೇಳುವುದಿಲ್ಲ, ಅಷ್ಟೆ.

೧೯-೫, ಸೋಮವಾರ

ಅಮೆರಿಕದಿಂದ ಪಾರ್ಸೆಲ್ ಬಂತು! ಕಾರ್ಬುರೇಟರಿನ ಗ್ಯಾಸ್ಕೆಟ್, ಫ್ಲೋಟಿನ ಪಿನ್ನು, ಸೂಜಿ ವಾಲ್ವು. ಮಾರ್ಚಿನಲ್ಲಿ ಹಳೇ ಮ್ಯಾಗಜೀನಿನ ಒಂದು ವಿಳಾಸಕ್ಕೆ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದೆ. ಒಳಗೆ ಅಂಗಡಿಯವರ ಚೀಟಿ: ಇಂಡಿಯಾದಲ್ಲಿ ಇದು ಇನ್ನೂ ಇದೆಯೇ, ಫೋಟೋ ಕಳಿಸಿ ಅಂತ. ಮೂವತ್ತೈದು ವರ್ಷ ಪಾರ್ಸೆಲ್ ನೋಡಿದವನು ಹೇಳುತ್ತೇನೆ: ಇಷ್ಟು ಅಚ್ಚುಕಟ್ಟಾದ ಪ್ಯಾಕಿಂಗ್ ಜೀವಮಾನದಲ್ಲಿ ನೋಡಿಲ್ಲ.

ಹುಳಿ ಪಾತ್ರೆ ಸುವರ್ಣಳಿಗೆ ವಾಪಸ್. ಬೂದಿ ಹಾಕಿ ನಾನೇ ತಿಕ್ಕಿಕೊಟ್ಟೆ. ಮೂಸಿ ನೋಡಿ ಹಸುವಿನ ಕಲಗಚ್ಚಿಗೆ ಇಟ್ಟಳು.

೮-೬, ಭಾನುವಾರ

ಬೆಂಗಳೂರಿನಿಂದ ಒಬ್ಬ ಬಂದಿದ್ದ. ಬಿಳೀ ಪ್ಯಾಂಟು. ಹಳೇಬೀಡಿನ ಹತ್ತಿರ ಹೋಟೆಲು ಕಟ್ಟುತ್ತಾರಂತೆ. ಮುಂದೆ ಹುಲ್ಲಿನ ಮೇಲೆ ನಿಲ್ಲಿಸಲು ಗಾಡಿ ಬೇಕಂತೆ.

"ಓಡೋದೇ ಬೇಡ ಸರ್. ನಂಬರ್, ಆರ್‌ಸಿ, ಯಾವ ತಾಪತ್ರಯಾನೂ ಇಲ್ಲ ನಿಮ್ಗೆ. ಟೂರಿಸ್ಟ್‌ಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೋತಾರೆ."

ಟೂರಿಸ್ಟರನ್ನು ಹೊತ್ತ ಗಾಡಿ. ಈಗ ಟೂರಿಸ್ಟರು ಅದನ್ನು ನೋಡಲು ಬರಬೇಕು. ಹೇಳಬೇಕಾದ್ದನ್ನೆಲ್ಲ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ.

ಸ್ಟೂಲಿನ ಮೇಲೆ ಕುಳಿತಿದ್ದ ನಂಜಪ್ಪನವರು, "ಕೇಳಿ ನೋಡಿ ಪಾರ್ಸಲ್ನೋರೇ, ನಿಂತಿರೋ ಗಾಡೀಗೆ ಡ್ರೈವರ್ ಬೇಕಾ ಅಂತ. ನಂಗೆ ಈಗ ಆ ಕೆಲ್ಸ ಆದಾತು."

ತಿಮ್ಮೇಶ ಬಿದ್ದು ಬಿದ್ದು ನಕ್ಕ. ಬಿಳೀ ಪ್ಯಾಂಟಿನವನು ಕಾರ್ಡು ಕೊಟ್ಟು ಹೋದ. ಕಾರ್ಡು ಈ ಪುಸ್ತಕದಲ್ಲೇ ಇದೆ. ಯಾಕೆ ಎಸೆಯಲಿಲ್ಲ?

೩-೭, ಗುರುವಾರ

ವಾಹನ ನೋಂದಣಿ ಕಚೇರಿ. ಇನ್ಸ್‌ಪೆಕ್ಟರು ಒಬ್ಬ ಹೆಣ್ಣುಮಗಳು, ಭಾನುಪ್ರಿಯಾ ಅಂತ. ಮೂವತ್ತು ವಯಸ್ಸಿರಬಹುದು. ಕುಳ್ಳಿರಿಸಿ ಮಾತಾಡಿದರು. ಬಯ್ಯಲು ಸಿದ್ಧನಾಗಿ ಹೋಗಿದ್ದೆ, ಅವಕಾಶವೇ ಸಿಗಲಿಲ್ಲ.

"ಸರ್, ಅಷ್ಟು ಹಳೇ ರಿಜಿಸ್ಟರ್ ಈಗ ಸಿಗಲ್ಲ. ಇಂಜಿನ್ ನಂಬರ್, ಚಾಸಿ ನಂಬರ್, ಗಾಡಿ ನಂಬರ್ ಮೂರೂ ಒಟ್ಟಿಗೆ ಇರೋ ಆಗಿನ ಕಾಲದ ಒಂದೇ ಒಂದು ಪೇಪರ್ ತನ್ನಿ. ಯಾವುದಾದ್ರೂ ಸರಿ. ಮಿಕ್ಕಿದ್ದು ನಾನು ನೋಡ್ತೀನಿ."

ಬಸ್ಸಿನಲ್ಲಿ ಬರುವಾಗ ತಲೆ ಓಡಿತು. ಇನ್ಶೂರೆನ್ಸ್ — ಇಲ್ಲ. ತೆರಿಗೆ ಚೀಟಿ — ಗಾಡಿಯ ಜೊತೆ ಹೋಯಿತು. ಮೂರು ನಂಬರೂ ಒಟ್ಟಿಗೆ ಬರೆದಿರಬಹುದಾದ ಕಾಗದ ಇಡೀ ಲೋಕದಲ್ಲಿ ಒಂದೇ. ಕಲ್ಲೇಶಪ್ಪನ ಮಹಜರು.

೪-೭, ಶುಕ್ರವಾರ

ಅದನ್ನು ಕೊಟ್ಟರೆ ನಂಜಪ್ಪನವರ ಮುಂದೆಯೇ ಓದುತ್ತಾರೆ. ಕೊಡದಿದ್ದರೆ ಗಾಡಿಗೆ ನಂಬರಿಲ್ಲ. ಹುಲ್ಲಿನ ಮೇಲೆ ನಿಲ್ಲುವ ಗಾಡಿ.

ಕಾರ್ಡು ಯಾಕೆ ಎಸೆಯಲಿಲ್ಲ ಅಂತ ಗೊತ್ತಾಯಿತು. ಹರಿದು ಒಲೆಗೆ ಹಾಕಿದೆ.

೧೨-೭, ಶನಿವಾರ

ಕಲ್ಲೇಶಪ್ಪ ತೀರಿಕೊಂಡು ಒಂಬತ್ತು ವರ್ಷ. ಮಗ ಚನ್ನೇಶ್ ಟೈರ್ ಅಂಗಡಿ ಇಟ್ಟಿದ್ದಾನೆ. ಅಪ್ಪನ ಟ್ರಂಕು ಅಟ್ಟದ ಮೇಲಿತ್ತು. ಇಳಿಸಿಕೊಟ್ಟ. ಒಳ್ಳೆಯ ಹುಡುಗ, ಏನೂ ಕೇಳಲಿಲ್ಲ.

ಮೂರನೇ ಕಟ್ಟಿನಲ್ಲಿ ಸಿಕ್ಕಿತು. ಕಾರ್ಬನ್ ಪ್ರತಿ, ಸಹಿ ಮಾತ್ರ ಅಸಲು. ನಂಬರುಗಳು ಮೂರೂ ಇವೆ. ಇಂಜಿನ್ ನಂಬರು ಗಂಡಸಿಯದ್ದೇ. ಕೊನೆಯಲ್ಲಿ ನನ್ನ ಸಹಿ, ನೀಟಾಗಿ, ಕೆಳಗೆ ಒಂದು ಗೆರೆ ಸಹಿತ.

ಇಪ್ಪತ್ತಾರು ವರ್ಷದ ನಂತರ ಮೊದಲ ಬಾರಿಗೆ ಓದಿದ್ದು.

೩-೮, ಭಾನುವಾರ

ಮೂರು ವಾರ ಕಾಲು ಎಳೆದೆ. ಸುವರ್ಣಳಿಗೆ ಮೊನ್ನೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ನನಗೆ ಹೇಳಿ ಏನ್ರೀ ಪ್ರಯೋಜನ?" ಅಂದಳು.

ಇವತ್ತು ಹೋದೆ. ನಂಜಪ್ಪನವರು ಜಗಲಿಯ ಮೇಲೆ, ತೊಡೆಯ ಮೇಲೆ ಹ್ಯಾಂಡಲ್ ಇಟ್ಟುಕೊಂಡು ಬಟ್ಟೆಯಲ್ಲಿ ಒರೆಸುತ್ತಿದ್ದರು. ನಂಬರಿಗೆ ಬೇಕಾದ ಕಾಗದ ಸಿಕ್ಕಿದೆ, ಓದುತ್ತೇನೆ ಅಂದೆ. ಮೊದಲಿನಿಂದ ಓದಿದೆ. ವಾರಸುದಾರರಿಲ್ಲದ. ಓಡಲು ಯೋಗ್ಯವಲ್ಲದ. ನಂಬರುಗಳು. ಒಂದೂ ಬಿಡಲಿಲ್ಲ.

"ಪಂಚರು. ಒಂದು, ಕೃಷ್ಣಪ್ಪ, ಟೀ ಅಂಗಡಿ. ಎರಡು..."

"ಎರಡು?"

"ಎರಡು, ಏಕಾಂತಯ್ಯ. ಪಾರ್ಸೆಲ್ ಗುಮಾಸ್ತ."

ಒರೆಸುವ ಕೈ ನಿಂತಿತು.

"ನೀವೇಯಾ?"

"ನಾನೇ."

"ಅವತ್ತು ಕಿಟಕೀಲಿ ಕೇಳ್ದಾಗ ಗೊತ್ತಿಲ್ಲ ಅಂದ್ರಿ."

"ಅಂದೆ."

ಬೀದಿಯಲ್ಲಿ ಸೈಕಲ್ಲು ಹೋಯಿತು. ಯಾರದ್ದೋ ಮನೆಯ ಕುಕ್ಕರು ಕೂಗಿತು.

"ಓದಿ ಸಯಿ ಆಕಿದ್ರಾ, ಓದ್ದೆ ಆಕಿದ್ರಾ?"

"ಓದದೆ."

ತಲೆ ಅಲ್ಲಾಡಿಸಿದರು. "ಓದಿ ಆಕಿದ್ರೆ ಬಯ್ಬೋದಿತ್ತು."

ಎದ್ದು, ಗೋಡೆ ಸವರಿಕೊಂಡು ಒಳಗೆ ಹೋದರು. ಹ್ಯಾಂಡಲ್ ತೆಗೆದುಕೊಂಡೇ ಹೋದರು.

೧೪-೮, ಗುರುವಾರ

ಬಂದಿಲ್ಲ. ಗ್ಯಾರೇಜಿನಲ್ಲಿ ಸ್ಟೂಲು ಖಾಲಿ. ತಿಮ್ಮೇಶನಿಗೆ ಎಲ್ಲ ಗೊತ್ತಾಗಿದೆ. ಮಾತಾಡುತ್ತಾನೆ, ಸಾರ್ ಅನ್ನುವುದು ಕಮ್ಮಿಯಾಗಿದೆ.

ಕೆಲಸ ನಿಲ್ಲಿಸುವುದಿಲ್ಲ. ಆರು ವೋಲ್ಟಿನ ಬ್ಯಾಟರಿ ಎಲ್ಲೂ ಸಿಗಲಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಕೂತು ಮೂರು ಸೆಲ್ಲಿನದ್ದೊಂದು ಕಟ್ಟಿಸಿದೆ. ಗಾಡಿಯ ಪ್ರತಿ ನಟ್ಟೂ ನನಗೆ ಗೊತ್ತು ಈಗ. ಸದ್ದು ಗೊತ್ತಿಲ್ಲ. ಅದು ಗೊತ್ತಿರುವವರು ಬರುತ್ತಿಲ್ಲ.

ಕಚೇರಿಗೆ ಹೋಗುವುದು ೨೫ಕ್ಕೆ. ಅವರ ಸೊಸೆಯ ಕೈಲಿ ತಾರೀಖು ಹೇಳಿಕಳಿಸಿದ್ದೇನೆ.

೨೫-೮, ಸೋಮವಾರ

ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ಬರಲಿಲ್ಲ. ಒಬ್ಬನೇ ಹೋದೆ. ಅಲ್ಲಿ ನೋಡಿದರೆ ಬೆಂಚಿನ ಮೇಲೆ ಕುಳಿತಿದ್ದಾರೆ, ಬಿಳೀ ಅಂಗಿ, ಸೊಸೆ ಪಕ್ಕದಲ್ಲಿ. ಮೊದಲ ಬಸ್ಸಿಗೇ ಬಂದಿದ್ದರಂತೆ. ನನ್ನ ಕೆಮ್ಮು ಕೇಳಿ, "ಬಂದ್ರಾ ಏಕಾಂತಯ್ಯನೋರೆ" ಅಂದರು. ಆ ಹೆಸರು ಅವರ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. ಕಾಗದದಲ್ಲಿದ್ದ ಹೆಸರು.

ಭಾನುಪ್ರಿಯಾ ಮಹಜರನ್ನು ಓದಿದರು. "ಈ ಎರಡನೇ ಪಂಚ ಏಕಾಂತಯ್ಯ ಯಾರು?"

"ನಾನು. ಇದರಲ್ಲಿ ಬರೆದದ್ದು ಸುಳ್ಳು. ಗಾಡಿ ಓಡುತ್ತಿತ್ತು. ವಾರಸುದಾರರು ಇದ್ದರು, ಇವರೇ. ಅಫಿಡವಿಟ್ ತಂದಿದ್ದೇನೆ."

ಪೆನ್ನು ಕೆಳಗಿಟ್ಟರು. "ಸರ್, ಹಾಗಾದ್ರೆ ನನ್ನ ಕಷ್ಟ ಕೇಳಿ. ಮಹಜರು ನಿಜ ಅಂದ್ರೆ ಗಾಡಿ ಗುಜರಿ. ಗುಜರಿಗೆ ನಂಬರ್ ಕೊಡಕ್ಕಾಗಲ್ಲ. ಸುಳ್ಳು ಅಂದ್ರೆ, ಅದರಲ್ಲಿರೋ ಇಂಜಿನ್ ನಂಬರನ್ನ ಮಾತ್ರ ಹೇಗೆ ನಂಬಲಿ?"

ಅಫಿಡವಿಟ್ಟನ್ನು ಮತ್ತೆ ಅವರ ಮುಂದಕ್ಕೆ ತಳ್ಳಿದೆ. ಎಷ್ಟು ಪುಸ್ತಕ ಓದಿದ್ದೇನೆ. ಒಂದು ಸಾಲು ಹೊಳೆಯಲಿಲ್ಲ.

ನಂಜಪ್ಪನವರು ಕೋಲು ಊರಿ ಎದ್ದರು. "ಮೇಡಮ್ಮೋರೆ, ಪೇಪರ್ನ ನೀವು ಇಡ್ಕಳಿ. ಇವ್ರಿಗೂ ತೋರಿಸ್ಬ್ಯಾಡಿ. ನಾನು ಬಾಯಲ್ಲಿ ಏಳ್ತೀನಿ, ನೀವು ಅದ್ರಲ್ಲಿ ನೋಡ್ಕಳಿ."

ಹೇಳಿದರು. ಗಾಡಿ ನಂಬರು. ಇಂಜಿನ್ ನಂಬರು. ಚಾಸಿ ನಂಬರು, ಹನ್ನೊಂದು ಅಕ್ಷರ-ಅಂಕಿ, ಇಂಗ್ಲಿಷ್ ಅಕ್ಷರ ಸಮೇತ, ಶಾಲೆಗೆ ಹೋಗದ ಮನುಷ್ಯ. ಮಗ್ಗಿ ಒಪ್ಪಿಸುವ ಹಾಗೆ. ಭಾನುಪ್ರಿಯಾ ಬೆರಳಿಟ್ಟು ನೋಡುತ್ತಿದ್ದರು. ಕೊನೆಯ ಅಂಕಿಗೆ ಬೆರಳು ನಿಂತಿತು.

"ಅಜ್ಜ, ಯಾರು ಹೇಳಿಕೊಟ್ರು ಇದನ್ನ?"

"ಮಕ್ಕಳ ಹೆಸ್ರು ಯಾರಾದ್ರೂ ಏಳ್ಕೊಡ್ತಾರಾ ತಾಯಿ?"

ಭಾನುಪ್ರಿಯಾ ಕ್ಯಾಲೆಂಡರ್ ನೋಡಿ, "ಹನ್ನೊಂದನೇ ತಾರೀಕು ಬರ್ತೀನಿ" ಅಂದರು. "ನಂಬರ್ ನೋಡ್ಬೇಕು. ಗಾಡಿ ಓಡಬೇಕು. ಓಡದಿದ್ರೆ ಮಹಜರೇ ನಿಜ ಆಗುತ್ತೆ ಸರ್."

ವಾಪಸ್ ಬರುವಾಗ ಒಂದೇ ಬಸ್ಸು, ಬೇರೆ ಬೇರೆ ಸೀಟು.

೧೧-೯, ಗುರುವಾರ

ಕೈ ಇನ್ನೂ ಎಣ್ಣೆಯಾಗಿದೆ. ಇರಲಿ.

ಹತ್ತೂವರೆಗೆ ಭಾನುಪ್ರಿಯಾ ಬಂದರು. ಸೀಮೆಸುಣ್ಣ ಉಜ್ಜಿ, ಟಾರ್ಚ್ ಹಾಕಿ ನಂಬರು ಓದಿದರು. ಇಂಜಿನ್ — ಸರಿ. ಚಾಸಿ — ಸರಿ. "ಈಗ ಸ್ಟಾರ್ಟ್ ಮಾಡಿ."

ತಿಮ್ಮೇಶ ಒಳಗೆ ಕುಳಿತು ಸ್ಟಾರ್ಟರ್ ಪೆಡಲ್ ತುಳಿದ. ಗರ್ರ್... ನಿಂತಿತು. ಮತ್ತೆ. ಗರ್... ಮೂರನೇ ಸಲ ಟಕ್ ಅಂತ ಒಂದು ಸದ್ದು, ಅಷ್ಟೆ. ಕಟ್ಟಿಸಿದ ಬ್ಯಾಟರಿ ಇಳಿದುಹೋಯಿತು. ನಿನ್ನೆ ಎಂಟು ಸಲ ಚಾಲೂ ಆಗಿತ್ತು, ಒಂದೆರಡು ಸಿಲಿಂಡರ್ ಬಿಟ್ಟು ಕೆಮ್ಮುತ್ತಲಾದರೂ. ನಿನ್ನೆ!

ಭಾನುಪ್ರಿಯಾ ವಾಚು ನೋಡಿಕೊಂಡರು.

ಬಾಗಿಲ ಕಡೆಯಿಂದ ಕೋಲಿನ ಸದ್ದು. ನಂಜಪ್ಪನವರು. ಕಂಕುಳಲ್ಲಿ ಗೋಣಿಚೀಲದ ಸುರುಳಿ. ಯಾರಿಗೂ ನಮಸ್ಕಾರವಿಲ್ಲ. ಗಾಡಿಯ ಮೂಗು ಸವರಿ, ಬಂಪರಿನ ಮಧ್ಯೆ ತೂತು ಹುಡುಕಿ, ಸುರುಳಿ ಬಿಚ್ಚಿ ಹ್ಯಾಂಡಲ್ ತೂರಿಸಿದರು. ಒಳಗೆ ಹಲ್ಲು ಕೂತ ಸದ್ದು ಕೇಳಿಸಿತು.

"ಬಾರ್ಲಾ ತಿಮ್ಮ. ಎಬ್ಬೆಟ್ಟು ಈಚೆ ಇಡು, ಬೆರಳ್ ಜೊತೇಲೆ. ಸುತ್ತಾಕಿ ಇಡ್ದೋ, ಒದ್ರೆ ಕೈ ಮುರೀತದೆ. ಕೆಳಗ್ ನೂಕ್ಬ್ಯಾಡ, ಮೇಲಕ್ಕೆ ಎಳಿ. ಏಕಾಂತಯ್ಯನೋರೆ, ಚೋಕು ಎಳ್ದು ಇಡ್ಕಳಿ."

ನಾನು ಒಳಗೆ ಕುಳಿತು ಚೋಕು ಹಿಡಿದೆ. ಒಂದು. ಎರಡು. ಮೂರನೆಯ ಎಳೆತಕ್ಕೆ ಇಡೀ ಗಾಡಿ ಒಮ್ಮೆ ನಡುಗಿ... ಹಿಡಿಯಿತು. ಆರೂ ಸಿಲಿಂಡರು. ಹಳೇ ಪ್ಯಾಸೆಂಜರ್ ರೈಲು ಪ್ಲಾಟ್‌ಫಾರಂ ಬಿಡುವ ಮುಂಚೆ ಇರುವಂಥ ಸದ್ದು. ಇದೇ ಸದ್ದು ನನ್ನ ಕಿಟಕಿಯ ಹೊರಗೆ ದಿನಾ ಇತ್ತು. ಮರೆತೇ ಹೋಗಿತ್ತು.

ನಂಜಪ್ಪನವರು ಬಾನೆಟ್ಟಿನ ಮೇಲೆ ಕಿವಿ ಇಟ್ಟರು. "ನಾಕನೇ ಪ್ಲಗ್ಗಿನ ವೈರು ಸಡ್ಲ ಐತೆ." ಇತ್ತು.

ಗೇಟಿನವರೆಗೆ ಹೋಗಿ ಹಿಂದಕ್ಕೆ ಬಂದೆವು. ಭಾನುಪ್ರಿಯಾ ಹೊಸ ಮಹಜರು ಬರೆದರು, ತಿಮ್ಮೇಶನ ಮೇಜಿನ ಮೇಲೆ, ಸ್ಪ್ಯಾನರು ಸರಿಸಿ. "ಪಂಚರು ಬೇಕು, ಇಬ್ಬರು." ತಿಮ್ಮೇಶ ಹಾಕಿದ. ಎರಡನೆಯದಕ್ಕೆ ನಾನು ಬೀದಿಗೆ ಹೋಗಿ ಯಾರನ್ನಾದರೂ ಕರೆಯೋಣ ಅಂತ ಎದ್ದೆ.

"ಎಲ್ಗೆ?" ನಂಜಪ್ಪ. "ಅವ್ರೇ ಆಕ್ಲಿ ಮೇಡಮ್ಮೋರೆ. ಈ ಸಲ ಓದ್ತಾರೆ."

ಓದಿದೆ. ಗಟ್ಟಿಯಾಗಿ, ಅವರಿಗೆ ಕೇಳುವ ಹಾಗೆ. ಮೂರನೇ ಸಾಲಿನಲ್ಲಿ ನಿಂತೆ. "ವಾಹನದ ಹಾಲಿ ವಾರಸುದಾರರು: ಏಕಾಂತಯ್ಯ."

"ಮೇಡಂ, ಇದು ತಪ್ಪು."

ಭಾನುಪ್ರಿಯಾ ಹೊಡೆದುಹಾಕಿ, ಪಕ್ಕದಲ್ಲಿ ಬರೆದು ಚಿಕ್ಕ ಸಹಿ ಹಾಕಿದರು. ಮತ್ತೆ ಓದಿದೆ. "ವಾರಸುದಾರರು: ನಂಜಪ್ಪ ಬಿನ್ ಲೇಟ್ ರಂಗಪ್ಪ."

"ಊಂ" ಅಂದರು ನಂಜಪ್ಪ.

ಸಹಿ ಮಾಡಿದೆ. ೧೯೭೭ರದ್ದಕ್ಕಿಂತ ಸೊಟ್ಟಗೆ ಬಂದಿದೆ.

೩-೧೦, ಶುಕ್ರವಾರ

ರಿಜಿಸ್ಟರ್ಡ್ ಪೋಸ್ಟಿನಲ್ಲಿ ಆರ್‌ಸಿ ಬಂತು. ಹಳೇ ನಂಬರೇ. ಹೆಸರೂ ಸರಿ. ಎರಡು ಸಲ ನಾನು ಓದಿಕೊಂಡೆ, ಮೂರನೇ ಸಲ ಜಗಲಿಯಲ್ಲಿ ಅವರಿಗೆ ಓದಿದೆ. ಕಾಗದ ಇಸಿದುಕೊಂಡು, ಸೀಲಿನ ಉಬ್ಬು ಸವರಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. ಸೊಸೆಗೆ ಕಾಫಿ ತರಲು ಹೇಳಿದರು. ಎರಡು ಲೋಟ.

ನಾಳೆ ಆಯುಧಪೂಜೆ. ಮೊದಲು ಗಂಡಸಿ, ಚಲುವಮ್ಮನ ಬಾಗಿಲಿಗೆ. ಕೊಟ್ಟ ಮಾತು. ಆಮೇಲೆ ಹಳೇಬೀಡು.

೪-೧೦, ಶನಿವಾರ, ಬೆಳಿಗ್ಗೆ ೬-೨೦

ಗಾಡಿ ನಮ್ಮ ಬಾಗಿಲಲ್ಲೇ ಇದೆ. ಬಾನೆಟ್ಟಿಗೆ ಸೇವಂತಿಗೆ, ಗಾಲಿಯ ಕೆಳಗೆ ನಿಂಬೆಹಣ್ಣು. ಹ್ಯಾಂಡಲ್ಲಿಗೆ ಈ ವರ್ಷ ಮಣೆ ಇಲ್ಲ, ಅದರ ತೂತಿನಲ್ಲೇ ಕುಂಕುಮ ಹಚ್ಚಿಸಿಕೊಂಡಿತು. ತಿಮ್ಮೇಶ ಸ್ಟೀರಿಂಗಿನಲ್ಲಿ. ಪಕ್ಕದಲ್ಲಿ ನಂಜಪ್ಪ, ಗೇರಿನ ಮೇಲೆ ಕೈ ಇಟ್ಟುಕೊಂಡು — ಗೇರು ತಾವೇ ಹಾಕುತ್ತಾರಂತೆ. ಸುವರ್ಣ ಹಿಂದಿನ ಸೀಟಿನಲ್ಲಿ ಕುಳಿತು ಸೀಮೆಎಣ್ಣೆ ವಾಸನೆ ಬರುತ್ತಿದೆಯೇ ಅಂತ ಮೂಸುತ್ತಿದ್ದಾಳೆ.

ನಾನು ಚಪ್ಪಲಿ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹಾರ್ನ್. ಎರಡನೇ ಸಲ.

"ಪಾರ್ಸಲ್ನೋರೇ, ಬರ್ದಿದ್ ಸಾಕು, ಬನ್ನಿ! ಇಂಜಿನ್ ಕಾಯ್ತದೆ!"

ಆಗಸ್ಟಿನಿಂದ ಈಚೆಗೆ ಇದೇ ಮೊದಲು ಹಾಗೆ ಕರೆ—